ತೂ, ಉಸ್ತೇದ್, ವೋಸ್: ಸ್ಪ್ಯಾನಿಷ್‌ನಲ್ಲಿ ಯಾರನ್ನು ಹೇಗೆ ಮಾತನಾಡಿಸಬೇಕು?

ಕನ್ನಡದಲ್ಲಿ ‘ಏಕವಚನ’ ಎಂಬುದು ವ್ಯಾಕರಣದ ಪದವೂ ಹೌದು, ದೂರಿನ ಪದವೂ ಹೌದು. ‘ಎಲ್ಲರೆದುರಿಗೆ ನನ್ನನ್ನು ಏಕವಚನದಲ್ಲಿ ಮಾತನಾಡಿಸಿದ’ ಎಂದು ಒಬ್ಬರು ಹೇಳಿಕೊಂಡರೆ, ಅದರಲ್ಲಿ ನೋವು ಎಲ್ಲಿದೆ ಎಂದು ಕೇಳುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೀಗಾಗಿ ಸ್ಪ್ಯಾನಿಷ್ ಕಲಿಯಲು ಹೊರಟ ಕನ್ನಡಿಗರಿಗೆ, ಆ ಭಾಷೆಯಲ್ಲಿಯೂ ಎದುರಿನವರನ್ನು ಮಾತನಾಡಿಸಲು ಒಂದಕ್ಕಿಂತ ಹೆಚ್ಚು ಸರ್ವನಾಮಗಳಿವೆ ಎಂಬ ಸಂಗತಿ ಹೊಸದೆನಿಸುವುದಿಲ್ಲ. ‘ತೂ’ ಎಂದರೆ ನೀನು, ‘ಉಸ್ತೇದ್’ ಎಂದರೆ ನೀವು ಎಂದು ಮೊದಲ ದಿನವೇ ಪುಸ್ತಕದಲ್ಲಿ ಬರೆದುಕೊಂಡು, ಇದೊಂದು ನಮಗೆ ಸುಲಭವಾಯಿತೆಂದು ಮುಂದಿನ ಪಾಠಕ್ಕೆ ಹೋಗುತ್ತೇವೆ. ಕೆಲವೇ ವಾರಗಳಲ್ಲಿ ಈ ಲೆಕ್ಕ ತಪ್ಪತೊಡಗುತ್ತದೆ. ಮ್ಯಾಡ್ರಿಡ್‌ನ ಅಂಗಡಿಯ ಹುಡುಗ ಅಪರಿಚಿತ ಗಿರಾಕಿಯನ್ನು ‘ತೂ’ ಎನ್ನುತ್ತಾನೆ. ಬೊಗೊಟಾದ ತಾಯಿ ಮೂರು ವರ್ಷದ ಮಗುವನ್ನು ‘ಉಸ್ತೇದ್’ ಎನ್ನುತ್ತಾಳೆ. ಬ್ಯೂನಸ್ ಐರಿಸ್‌ನಲ್ಲಿ ಗೆಳೆಯರ ನಡುವೆ ಈ ಎರಡೂ ಕೇಳಿಸದೆ ‘ವೋಸ್’ ಎಂಬ ಮೂರನೆಯದೇ ಕೇಳಿಸುತ್ತದೆ. ಇವರಲ್ಲಿ ಯಾರೂ ತಪ್ಪು ಮಾಡುತ್ತಿಲ್ಲ. ನಾವು ಬರೆದುಕೊಂಡ ‘ಸಮ’ ಚಿಹ್ನೆಯೇ ಸರಿಯಿಲ್ಲ.

ಒಟ್ಟು ಐದು ಸರ್ವನಾಮಗಳಿವೆ. ಒಬ್ಬರಿಗೆ ‘ತೂ’, ‘ವೋಸ್’ ಮತ್ತು ‘ಉಸ್ತೇದ್’. ಒಬ್ಬರಿಗಿಂತ ಹೆಚ್ಚು ಜನರಿಗೆ ‘ವೊಸೋತ್ರೊಸ್’ ಮತ್ತು ‘ಉಸ್ತೇದೆಸ್’. ಇಲ್ಲಿ ‘ವ’ ಎಂದು ಬರೆದಿರುವುದು ಸ್ಪ್ಯಾನಿಷ್ ಕಾಗುಣಿತವನ್ನು ಅನುಸರಿಸಿ. ಉಚ್ಚಾರಣೆಯಲ್ಲಿ ಅದು ‘ಬ’ಕಾರವೇ, ಅಂದರೆ ಕಿವಿಗೆ ಬೀಳುವುದು ‘ಬೋಸ್’, ‘ಬೊಸೋತ್ರೊಸ್’ ಎಂದು. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ. ಆದರೆ ಈ ಐದನ್ನೂ ದಿನನಿತ್ಯ ಬಳಸುವ ದೇಶ ಅವುಗಳಲ್ಲಿ ಒಂದೂ ಇಲ್ಲ. ಪ್ರತಿಯೊಂದು ನಾಡೂ ಇವುಗಳಲ್ಲಿ ತನಗೆ ಬೇಕಾದುದನ್ನು ಉಳಿಸಿಕೊಂಡು, ಉಳಿಸಿಕೊಂಡಿದ್ದಕ್ಕೆ ತನ್ನದೇ ಬೆಲೆಯನ್ನು ಕೊಟ್ಟಿದೆ. ಆದುದರಿಂದ ‘ಇವರಿಗೆ ಏನೆನ್ನಬೇಕು’ ಎಂಬ ಪ್ರಶ್ನೆಗೆ ಮೊದಲು ‘ಇವರು ಯಾವ ಊರಿನವರು’ ಎಂಬ ಮರುಪ್ರಶ್ನೆ ಏಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಗೊಂದಲ ತರುವ ‘ಉಸ್ತೇದ್’ ಅನ್ನು ಮೊದಲು ನೋಡೋಣ. ಹುಟ್ಟಿನಿಂದ ಇದು ಸರ್ವನಾಮವೇ ಅಲ್ಲ. ಲ್ಯಾಟಿನ್‌ನಿಂದ ಸ್ಪ್ಯಾನಿಷ್‌ಗೆ ಬಂದದ್ದು ‘ತೂ’ ಮತ್ತು ‘ವೋಸ್’ ಎಂಬ ಎರಡೇ. ಮಧ್ಯಯುಗದಲ್ಲಿ ಇವು ನಮ್ಮ ‘ನೀನು’ ಮತ್ತು ‘ನೀವು’ಗಳಂತೆಯೇ ಇದ್ದವು, ಬಹುವಚನವಾಗಿದ್ದ ‘ವೋಸ್’ ಅನ್ನು ಒಬ್ಬರಿಗೇ ಗೌರವದಿಂದ ಬಳಸುತ್ತಿದ್ದರು. ಕಾಲಕ್ರಮದಲ್ಲಿ ‘ವೋಸ್’ ಎಲ್ಲರ ಬಾಯಲ್ಲೂ ಸವೆದು, ಅದರಲ್ಲಿದ್ದ ಮನ್ನಣೆ ಕರಗಿತು. 16ನೆಯ ಶತಮಾನದ ಹೊತ್ತಿಗೆ ಮಾನವಂತರನ್ನು ‘ವೋಸ್’ ಎಂದರೆ ಅವಮಾನವೆನಿಸುವಷ್ಟು ಅದು ಇಳಿದಿತ್ತು. ಆ ಜಾಗಕ್ಕೆ ಬಂದದ್ದು ‘ವುಯೆಸ್ತ್ರ ಮೆರ್ಸೇದ್’, ಎಂದರೆ ‘ನಿಮ್ಮ ಕೃಪೆ’ ಎಂಬ ಬಿರುದಿನಂಥ ಪದಗುಚ್ಛ. ದಿನಕ್ಕೆ ನೂರು ಬಾರಿ ಆಡುವ ಮಾತು ಉದ್ದವಾಗಿ ಉಳಿಯುವುದಿಲ್ಲವಾದ್ದರಿಂದ, ಅದು ‘ವುಸ್ತೇದ್’ ಎಂಬಂಥ ರೂಪಗಳನ್ನು ಹಾದು 17ನೆಯ ಶತಮಾನದಲ್ಲಿ ‘ಉಸ್ತೇದ್’ ಆಗಿ ನೆಲೆನಿಂತಿತು. ಹಳೆಯ ಸ್ಪ್ಯಾನಿಷ್ ಪತ್ರಗಳಲ್ಲಿ ಈ ಪದದ ಸಂಕ್ಷೇಪ ‘ವಿ’ ಅಕ್ಷರದಿಂದ ಆರಂಭವಾಗುವುದು ಇದೇ ಕಾರಣಕ್ಕೆ.

ಕನ್ನಡಿಗರಿಗೆ ಇದು ದೂರದ ಸಂಗತಿಯಲ್ಲ. ಮಠಗಳಲ್ಲಿ ಸ್ವಾಮಿಗಳೊಡನೆ ಮಾತನಾಡುವ ಶಿಷ್ಯರು ‘ನೀವು ಬನ್ನಿ’ ಎನ್ನದೆ ‘ಸನ್ನಿಧಾನದವರು ದಯಮಾಡಿಸಬೇಕು’ ಎನ್ನುತ್ತಾರೆ. ಎದುರಿಗೇ ಕುಳಿತವರನ್ನು ನೇರವಾಗಿ ಮುಟ್ಟದೆ, ಅವರ ಒಂದು ಗುಣವನ್ನೋ ಸ್ಥಾನವನ್ನೋ ಹೆಸರಿಸಿ, ಅದರ ಕುರಿತು ಮೂರನೆಯವರಂತೆ ಮಾತನಾಡುವ ಕ್ರಮ ಇದು. ‘ವುಯೆಸ್ತ್ರ ಮೆರ್ಸೇದ್’ ಕೂಡ ಇದೇ ಜಾತಿಯದು. ನಮ್ಮ ‘ತಾವು’ ಇನ್ನೂ ಹತ್ತಿರದ ಸಾಕ್ಷಿ. ಅದು ‘ತಾನು’ ಎಂಬುದರ ಬಹುವಚನ, ಮೂಲದಲ್ಲಿ ಪ್ರಥಮ ಪುರುಷಕ್ಕೆ ಸಲ್ಲುವಂಥದ್ದು, ವಿನಯಕ್ಕಾಗಿ ಮಧ್ಯಮ ಪುರುಷದ ಜಾಗಕ್ಕೆ ಬಂದದ್ದು. ಆದರೆ ಇಲ್ಲೊಂದು ವ್ಯತ್ಯಾಸವಿದೆ, ಅದನ್ನು ಗಮನಿಸದೆ ಹೋದರೆ ಮುಂದಿನ ವಾಕ್ಯಗಳೆಲ್ಲ ತಪ್ಪುತ್ತವೆ. ‘ತಾವು’ ಎಂದ ಮೇಲೆ ನಾವು ‘ಹೇಳಿದಿರಿ’, ‘ಬರುತ್ತೀರಿ’ ಎಂದು ‘ನೀವು’ವಿನ ಕ್ರಿಯಾಪದವನ್ನೇ ಹಚ್ಚುತ್ತೇವೆ. ಸ್ಪ್ಯಾನಿಷ್ ಹಾಗೆ ಮಾಡಲಿಲ್ಲ. ‘ಕೃಪೆ’ ಎಂಬ ನಾಮಪದಕ್ಕೆ ಯಾವ ಕ್ರಿಯಾಪದ ಹೊಂದುತ್ತಿತ್ತೋ ಅದನ್ನೇ, ಅಂದರೆ ‘ಅವನು’, ‘ಅವಳು’ಗಳಿಗೆ ಬರುವ ಏಕವಚನದ ರೂಪವನ್ನೇ, ಇವತ್ತಿಗೂ ‘ಉಸ್ತೇದ್’ ಜೊತೆಗೆ ಇಟ್ಟುಕೊಂಡಿದೆ.

‘ಇರುವುದು, ಹೊಂದಿರುವುದು’ ಎಂಬ ಅರ್ಥದ ‘ತೆನೇರ್’ ಎಂಬ ಕ್ರಿಯಾಪದವನ್ನು ತೆಗೆದುಕೊಂಡರೆ ಎಲ್ಲವೂ ಒಂದೇ ನೋಟಕ್ಕೆ ಕಾಣುತ್ತದೆ. ‘ನಿನ್ನ ಹತ್ತಿರ ಇದೆ’ ಎನ್ನಲು ‘ತೂ ತ್ಯೇನೆಸ್’. ‘ಅವನ ಹತ್ತಿರ ಇದೆ’ ಎನ್ನಲು ‘ಎಲ್ ತ್ಯೇನೆ’. ಗೌರವದಿಂದ ‘ನಿಮ್ಮ ಹತ್ತಿರ ಇದೆ’ ಎನ್ನಲು ‘ಉಸ್ತೇದ್ ತ್ಯೇನೆ’. ಕೊನೆಯ ‘ಸ್’ ಇಲ್ಲ. ಹಲವರಿಗೆ ‘ಉಸ್ತೇದೆಸ್ ತ್ಯೇನೆನ್’. ಇದು ‘ಅವರು’ ಎಂಬುದರ ರೂಪ. ಕನ್ನಡದ ಅಭ್ಯಾಸದಲ್ಲಿ ಗೌರವಕ್ಕೂ ಬಹುವಚನಕ್ಕೂ ಬಿಡದ ಗಂಟು ಬಿದ್ದಿರುವುದರಿಂದ, ನಮ್ಮಲ್ಲಿ ಹಲವರು ಒಬ್ಬ ಹಿರಿಯರನ್ನು ಮಾತನಾಡಿಸುವಾಗ ತಮಗರಿವಿಲ್ಲದೆ ‘ಉಸ್ತೇದ್ ತ್ಯೇನೆನ್’ ಎಂದುಬಿಡುತ್ತಾರೆ. ಗೌರವ ಹೆಚ್ಚಾಗಲೆಂದು ಬಹುವಚನಕ್ಕೆ ಹೋಗುವ ಈ ದಾರಿ ಸ್ಪ್ಯಾನಿಷ್‌ನಲ್ಲಿ ಇಂದು ಮುಚ್ಚಿದೆ. ‘ಉಸ್ತೇದ್’ ಏಕವಚನ. ಅದರಲ್ಲಿ ಗೌರವ ಹುಟ್ಟುವುದು ಸಂಖ್ಯೆಯಿಂದಲ್ಲ, ನೇರವಾಗಿ ಬೊಟ್ಟುಮಾಡದೆ ಒಂದು ಹೆಜ್ಜೆ ಹಿಂದೆ ನಿಲ್ಲುವುದರಿಂದ.

ಹಿಂದೆ ನಿಂತದ್ದರ ಪರಿಣಾಮ ಕ್ರಿಯಾಪದಕ್ಕೆ ಮುಗಿಯುವುದಿಲ್ಲ. ‘ನಿನ್ನನ್ನು’ ಎನ್ನಲು ‘ತೆ’ ಇದೆ. ಆದರೆ ‘ಉಸ್ತೇದ್’ ಎಂದು ಗೌರವಿಸುವವರಿಗೆ ‘ಅವನನ್ನು’, ‘ಅವಳನ್ನು’ ಎಂಬ ರೂಪಗಳೇ ಬರುತ್ತವೆ. ಆದುದರಿಂದ ‘ನಾಳೆ ನಿಮ್ಮನ್ನು ಕಾಣುತ್ತೇನೆ’ ಎಂಬ ಮಾತನ್ನು ಗಂಡಸರಿಗೆ ‘ಲೋ ವೇಯೊ ಮನ್ಯಾನ’ ಎಂದೂ ಹೆಂಗಸರಿಗೆ ‘ಲಾ ವೇಯೊ ಮನ್ಯಾನ’ ಎಂದೂ ಹೇಳಬೇಕು. ನಮ್ಮ ‘ನಿಮ್ಮನ್ನು’ ಎಂಬುದಕ್ಕೆ ಇಲ್ಲದ ಲಿಂಗಭೇದ ಅಲ್ಲಿ ಎದ್ದು ಬರುತ್ತದೆ. ‘ನಿನ್ನ ಮನೆ’ ‘ತು ಕಾಸ’ ಆದರೆ, ‘ನಿಮ್ಮ ಮನೆ’ ‘ಸು ಕಾಸ’. ಇದೇ ‘ಸು ಕಾಸ’ ಅವನ ಮನೆಯೂ ಹೌದು, ಅವಳ ಮನೆಯೂ ಹೌದು, ಅವರ ಮನೆಯೂ ಹೌದು. ಗೊಂದಲವಾಗುವಂತಿದ್ದರೆ ‘ಲಾ ಕಾಸ ದೆ ಉಸ್ತೇದ್’ ಎಂದು ಬಿಡಿಸಿ ಹೇಳುತ್ತಾರೆ.

ಇದರ ಜೊತೆಗೆ ಮರೆಯಬಾರದ ಮತ್ತೊಂದು ಸಂಗತಿಯಿದೆ. ಸ್ಪ್ಯಾನಿಷ್ ಕೂಡ ಕನ್ನಡದಂತೆ ಸರ್ವನಾಮವನ್ನು ಬಿಟ್ಟು ಮಾತನಾಡುವ ಭಾಷೆ. ‘ಎಲ್ಲಿಗೆ ಹೊರಟಿರಿ?’ ಎಂದು ಕೇಳಿದಾಗ ನಾವು ‘ನೀವು’ ಎಂದು ಹೇಳದೆಯೂ ಬಹುವಚನ ತಿಳಿಯುವ ಹಾಗೆ, ‘ಕೋಮೊ ಎಸ್ತಾ?’ ಎಂದರೆ ಅಲ್ಲಿ ‘ಉಸ್ತೇದ್’ ಇದೆ, ‘ಕೋಮೊ ಎಸ್ತಾಸ್?’ ಎಂದರೆ ‘ತೂ’ ಇದೆ. ಹೇಗಿದ್ದೀರಿ, ಹೇಗಿದ್ದೀ ಎಂಬ ಎರಡರ ನಡುವಿನ ಅಂತರ ಅಲ್ಲಿ ಒಂದು ‘ಸ್’ ಮಾತ್ರ. ಹೀಗಾಗಿ ಯಾವ ಸರ್ವನಾಮ ಆರಿಸಬೇಕೆಂಬ ಪ್ರಶ್ನೆ ನಿಜವಾಗಿ ಕ್ರಿಯಾಪದದ ಕೊನೆಯ ಅಕ್ಷರದಲ್ಲಿ, ‘ನಿನಗೆ’ ಎಂಬ ‘ತೆ’ ಮತ್ತು ‘ನಿಮಗೆ’ ಎಂಬ ‘ಲೆ’ಗಳಲ್ಲಿ, ‘ತು’ ಮತ್ತು ‘ಸು’ಗಳಲ್ಲಿ ಹರಡಿಕೊಂಡಿದೆ. ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಸ್ಪೇನ್‌ಗೋ ಮೆಕ್ಸಿಕೊಗೋ ಇಮೇಲ್ ಬರೆಯುವವರು ಎಡವುವುದು ಇಲ್ಲಿಯೇ. ಮೊದಲ ಸಾಲಿನಲ್ಲಿ ‘ತೆ ಎಸ್ಕ್ರೀಬೊ’ ಎಂದು ಸ್ನೇಹದಿಂದ ಆರಂಭಿಸಿ, ಕೊನೆಯಲ್ಲಿ ಎಲ್ಲಿಂದಲೋ ತೆಗೆದ ‘ಕೇದೊ ಆ ಸು ದಿಸ್ಪೊಸಿಸಿಯೋನ್’ ಎಂಬ ಗಂಭೀರ ವಾಕ್ಯವನ್ನು ಅಂಟಿಸಿದರೆ, ‘ನಿನಗೆ ಬರೆಯುತ್ತಿದ್ದೇನೆ, ತಮ್ಮ ಸೇವೆಗೆ ಸಿದ್ಧನಿದ್ದೇನೆ’ ಎಂದಂತಾಗುತ್ತದೆ. ಓದುವವರಿಗೆ ಅರ್ಥವೇನೋ ಆಗುತ್ತದೆ. ಆದರೆ ಬರೆದವರು ತಮ್ಮನ್ನು ಎಲ್ಲಿಟ್ಟು ನೋಡುತ್ತಿದ್ದಾರೆಂಬುದು ಆಗುವುದಿಲ್ಲ. ಯಾವುದನ್ನೇ ಆರಿಸಲಿ, ಪತ್ರದ ಕೊನೆಯವರೆಗೂ ಅದನ್ನೇ ನಡೆಸಬೇಕು. ಹೊಸಬರಿಗೆ ಬರೆಯುವ ಮೊದಲ ಪತ್ರದಲ್ಲಿ ‘ಉಸ್ತೇದ್’ ಇಟ್ಟು, ಅವರ ಉತ್ತರದಲ್ಲಿ ‘ತೆ’ ಬಂದರೆ ಆಗ ತಾವೂ ‘ತೂ’ಗೆ ಇಳಿಯುವುದು ಎಲ್ಲ ದೇಶಗಳಲ್ಲೂ ಒಪ್ಪುವ ಕ್ರಮ.

ಇಷ್ಟು ವ್ಯಾಕರಣವಾಯಿತು. ಯಾರಿಗೆ ಯಾವುದು ಎಂಬ ವಿಚಾರದಲ್ಲಿ 1960ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ಇಬ್ಬರು ವಿದ್ವಾಂಸರು ಯುರೋಪಿನ ಭಾಷೆಗಳನ್ನು ಪರಿಶೀಲಿಸಿ ಹೇಳಿದ ಒಂದು ಮಾತು ಇಂದಿಗೂ ದಾರಿ ತೋರಿಸುತ್ತದೆ. ಇಂಥ ಸರ್ವನಾಮಗಳನ್ನು ಎರಡು ಶಕ್ತಿಗಳು ಎಳೆದಾಡುತ್ತವೆ ಎಂದು ಅವರು ಗುರುತಿಸಿದರು: ಒಂದು ಅಧಿಕಾರ, ಮತ್ತೊಂದು ಆಪ್ತತೆ. ಅಧಿಕಾರದ ಲೆಕ್ಕದಲ್ಲಿ ಮೇಲಿನವರು ಕೆಳಗಿನವರನ್ನು ‘ನೀನು’ ಎನ್ನುತ್ತಾರೆ, ಕೆಳಗಿನವರು ‘ನೀವು’ ಎಂದೇ ಉತ್ತರಿಸಬೇಕು. ಆಪ್ತತೆಯ ಲೆಕ್ಕದಲ್ಲಿ ಇಬ್ಬರೂ ಒಂದೇ ಪದವನ್ನು ಕೊಟ್ಟು ತೆಗೆದುಕೊಳ್ಳುತ್ತಾರೆ. ಹತ್ತಿರದವರಾದರೆ ಇಬ್ಬರದೂ ‘ನೀನು’, ದೂರದವರಾದರೆ ಇಬ್ಬರದೂ ‘ನೀವು’. ಕನ್ನಡದಲ್ಲಿ ಇವತ್ತಿಗೂ ವಯಸ್ಸಿನ ತೂಕವೇ ಹೆಚ್ಚು. ಎಷ್ಟೋ ಮನೆಗಳಲ್ಲಿ ಅಮ್ಮ ‘ನೀನು’, ಅಪ್ಪ ‘ನೀವು’. ಎಷ್ಟು ಸಲುಗೆಯಿದ್ದರೂ ದೊಡ್ಡಪ್ಪನನ್ನು ‘ನೀನು’ ಎನ್ನಲು ನಾಲಿಗೆ ಹೊರಳದ ಮನೆಗಳಿವೆ. ದೇವರಿಗೆ ಮಾತ್ರ, ಎಲ್ಲರಿಗಿಂತ ದೊಡ್ಡವನಾದರೂ, ‘ನೀನು’. ಈ ಕೊನೆಯದರಲ್ಲಿ ಸ್ಪ್ಯಾನಿಷ್ ನಮ್ಮ ಹಾಗೆಯೇ. ಚರ್ಚಿನ ಪ್ರಾರ್ಥನೆಯಲ್ಲಿ ದೇವರೂ ಮೇರಿಯೂ ‘ತೂ’ವೇ.

ಸ್ಪೇನ್‌ನಲ್ಲಿ ಒಂದು ಕಾಲಕ್ಕೆ ಮಕ್ಕಳು ತಂದೆತಾಯಿಯರನ್ನು ‘ಉಸ್ತೇದ್’ ಎನ್ನುತ್ತಿದ್ದರು. ಅಲ್ಲಿ ಅಧಿಕಾರದ ಲೆಕ್ಕ ಹಿಂದೆ ಸರಿದು ಆಪ್ತತೆಯ ಲೆಕ್ಕ ಮುಂದೆ ಬಂದದ್ದು 20ನೆಯ ಶತಮಾನದ ಕಥೆ. 1936ರಲ್ಲಿ ಅಂತರ್ಯುದ್ಧ ಆರಂಭವಾದ ತಿಂಗಳುಗಳಲ್ಲಿ, ಕಾರ್ಮಿಕರ ಹಿಡಿತದಲ್ಲಿದ್ದ ಬಾರ್ಸಿಲೋನಾದಲ್ಲಿ ಜನ ‘ಉಸ್ತೇದ್’ ಎಂಬ ಪದವನ್ನೇ ಬಿಟ್ಟು, ಎಲ್ಲರೂ ಎಲ್ಲರನ್ನೂ ‘ತೂ’ ಎಂದು ಮಾತನಾಡಿಸತೊಡಗಿದ್ದರು. ಸರ್ವನಾಮವೊಂದು ಸಮಾನತೆಯ ಬಾವುಟವಾದ ಆ ದಿನಗಳು ಬೇಗನೆ ಮುಗಿದವು. ಆದರೆ 1970ರ ದಶಕದಲ್ಲಿ ಸರ್ವಾಧಿಕಾರ ಕೊನೆಗೊಂಡ ಮೇಲೆ ‘ತೂ’ ಯಾವ ಘೋಷಣೆಯೂ ಇಲ್ಲದೆ ಎಲ್ಲ ಕಡೆ ಹಬ್ಬಿತು. ಇಂದು ಸ್ಪೇನ್‌ನ ಕಚೇರಿಗಳಲ್ಲಿ ಮೇಲಧಿಕಾರಿಯೂ ಕಿರಿಯರೂ ಪರಸ್ಪರ ‘ತೂ’ ಎನ್ನುವುದು ಸಾಮಾನ್ಯ, ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರನ್ನು ಹಾಗೆ ಕರೆಯುವುದೂ ಅಪರೂಪವಲ್ಲ. ‘ಉಸ್ತೇದ್’ ಉಳಿದಿರುವುದು ಅಪರಿಚಿತ ವೃದ್ಧರಿಗೆ, ನ್ಯಾಯಾಲಯಕ್ಕೆ, ಪೊಲೀಸರಿಗೆ, ಗಂಭೀರ ಪತ್ರವ್ಯವಹಾರಕ್ಕೆ. ನಲವತ್ತರ ಆಸುಪಾಸಿನ ಮಹಿಳೆಯೊಬ್ಬರನ್ನು ‘ಉಸ್ತೇದ್’ ಎಂದರೆ, ‘ಹಾಗೆನ್ನಬೇಡ, ನನ್ನನ್ನು ಮುದುಕಿ ಮಾಡುತ್ತೀಯಲ್ಲ’ ಎಂಬ ಉತ್ತರ ಬಂದರೂ ಬರಬಹುದು. ನಮ್ಮಲ್ಲಿ ‘ಆಂಟಿ’ ಎನ್ನಿಸಿಕೊಂಡವರಿಗೆ ಆಗುವಂಥ ಕಸಿವಿಸಿಯೇ ಅದು.

ಇದೇ ಸಂದರ್ಭದಲ್ಲಿ ಸಂಬಂಧವಾಚಕಗಳ ಕುರಿತು ಒಂದು ಎಚ್ಚರಿಕೆ. ನಾವು ಸರ್ವನಾಮದ ಒರಟುತನವನ್ನು ಅಣ್ಣ, ಅಕ್ಕ, ಯಜಮಾನರೇ, ಅಜ್ಜೀ ಎಂಬ ಮಾತುಗಳಿಂದ ಮೆತ್ತಗೆ ಮಾಡಿಕೊಳ್ಳುತ್ತೇವೆ. ಅದೇ ರೂಢಿಯಲ್ಲಿ ಸ್ಪೇನ್‌ನ ಹಿರಿಯರೊಬ್ಬರನ್ನು ‘ತೀಯೊ’, ಎಂದರೆ ಮಾವ ಅಥವಾ ಚಿಕ್ಕಪ್ಪ, ಎಂದು ಕರೆದರೆ ಕೆಲಸ ಕೆಡುತ್ತದೆ. ಅಲ್ಲಿ ‘ತೀಯೊ’, ‘ತೀಯ’ ಎನ್ನುವುದು ಸಮವಯಸ್ಕ ಗೆಳೆಯರು ಒಬ್ಬರನ್ನೊಬ್ಬರು ‘ಮಗಾ’, ‘ಗುರೂ’ ಎಂದು ಕರೆಯುವ ಹಾಗೆ. ಹಿರಿಯರಿಗೆ ಸಲ್ಲುವುದು ‘ಸೆನ್ಯೋರ್’, ‘ಸೆನ್ಯೋರ’. ಪರಿಚಯವಿದ್ದರೆ ಹೆಸರಿಗೆ ಮೊದಲು ‘ದೋನ್’, ‘ದೋನ್ಯ’. ‘ದೋನ್’ ಎಂದ ಬಾಯಲ್ಲಿ ಮುಂದೆ ಬರಬೇಕಾದ್ದು ‘ಉಸ್ತೇದ್’.

ಸ್ಪೇನ್‌ನ ಈ ಸಡಿಲಿಕೆಯನ್ನು ಮೆಕ್ಸಿಕೊಗೆ ಹೊತ್ತುಕೊಂಡು ಹೋಗಬಾರದು. ಅಲ್ಲಿಯೂ ‘ತೂ’ ಹರಡುತ್ತಿದೆಯಾದರೂ, ಸ್ನೇಹಿತರ ತಂದೆತಾಯಿ, ವೈದ್ಯರು, ಮೇಷ್ಟ್ರು, ಅತ್ತೆಮಾವಂದಿರು, ಅಂಗಡಿಯ ಗಿರಾಕಿ ಇವರೆಲ್ಲ ಸಾಮಾನ್ಯವಾಗಿ ‘ಉಸ್ತೇದ್’ಗೆ ಸೇರುತ್ತಾರೆ. ಮೆಕ್ಸಿಕೊದ ಮಕ್ಕಳಿಗೆ ದೊಡ್ಡವರು ಕರೆದಾಗ ‘ಕೆ?’ ಎಂದರೆ ‘ಏನು?’ ಎನ್ನಬಾರದು, ‘ಮಾಂದೆ?’ ಎನ್ನಬೇಕೆಂದು ಕಲಿಸುತ್ತಾರೆ. ‘ಅಪ್ಪಣೆ ಮಾಡಿ’ ಎಂಬುದು ಅದರ ಅಕ್ಷರಾರ್ಥ. ರೂಪವೂ ‘ಉಸ್ತೇದ್’ನ ಆಜ್ಞಾರೂಪವೇ. ‘ಆಂ? ಅನ್ನಬೇಡ, ಏನಂದಿರಿ ಅನ್ನು’ ಎಂದು ಮಕ್ಕಳನ್ನು ತಿದ್ದುವ ಕನ್ನಡದ ಮನೆಗಳಿಗೆ ಇದು ಕೂಡಲೇ ಪರಿಚಿತವೆನಿಸುತ್ತದೆ.

ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಕೊಲಂಬಿಯದ ಮಲೆನಾಡಿನ ಬಳಕೆ. ಬೊಗೊಟಾ ಮತ್ತು ಅದರ ಸುತ್ತಲಿನ ಎತ್ತರದ ಸೀಮೆಯಲ್ಲಿ ‘ಉಸ್ತೇದ್’ ದೂರದವರಿಗೂ ಸಲ್ಲುತ್ತದೆ, ತೀರ ಹತ್ತಿರದವರಿಗೂ ಸಲ್ಲುತ್ತದೆ. ಅಣ್ಣತಮ್ಮಂದಿರು, ಬಾಲ್ಯದ ಗೆಳೆಯರು, ಗಂಡಹೆಂಡಿರು ಒಬ್ಬರನ್ನೊಬ್ಬರು ‘ಉಸ್ತೇದ್’ ಎಂದುಕೊಳ್ಳುವುದನ್ನು ಅಲ್ಲಿ ಕೇಳಬಹುದು. ಬಿದ್ದು ಅಳುವ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದ ತಾಯಿ ‘ವೆಂಗ, ಮಿ ಅಮೋರ್’ ಎನ್ನುತ್ತಾಳೆ. ‘ವೆಂಗ’ ಎಂಬುದು ‘ಉಸ್ತೇದ್’ಗೆ ಹೇಳುವ ‘ಬನ್ನಿ’. ಅದರಲ್ಲಿ ದೂರವಿಲ್ಲ, ವಿನೋದವಿಲ್ಲ, ಕೇವಲ ಅಕ್ಕರೆಯಿದೆ. ಅದೇ ಸೀಮೆಯ ಬೊಯಾಕಾ ಮುಂತಾದ ಕಡೆ ‘ಸುಮೆರ್ಸೇ’ ಎಂಬ ಇನ್ನೂ ಒಂದು ಮಾತು ಬದುಕಿದೆ. ಇದು ‘ಸು ಮೆರ್ಸೇದ್’, ಎಂದರೆ ‘ಉಸ್ತೇದ್’ ಹುಟ್ಟಿದ ಅದೇ ‘ಕೃಪೆ’ಯ ಇನ್ನೊಂದು ಕವಲು. ಸಂತೆಯಲ್ಲಿ ಆಲೂಗಡ್ಡೆ ಮಾರುವ ಮುದುಕಿ ಗಿರಾಕಿಗೆ ‘ಸುಮೆರ್ಸೇಗೆ ಎಷ್ಟು ಬೇಕು’ ಎನ್ನುವಾಗ, ನಾಲ್ಕು ಶತಮಾನಗಳ ಹಿಂದಿನ ದರ್ಬಾರಿನ ಮಾತೊಂದು ಮರ್ಯಾದೆಯನ್ನೂ ಮಮತೆಯನ್ನೂ ಒಟ್ಟಿಗೇ ಹೊತ್ತುಕೊಂಡು ಬರುತ್ತದೆ. ಕೋಸ್ಟರಿಕದಲ್ಲಿಯೂ ‘ಉಸ್ತೇದ್’ ಹೀಗೆಯೇ ಮನೆಯೊಳಗಿನ ಮಾತಾಗಿದೆ. ಅಲ್ಲಿ ಸಾಕುನಾಯಿಯನ್ನೂ ‘ಉಸ್ತೇದ್’ ಎಂದೇ ಮಾತನಾಡಿಸುವವರಿದ್ದಾರೆ.

ಇನ್ನು ಮಿಕ್ಕ ಹಲವು ನಾಡುಗಳಲ್ಲಿ ತಾಯಿ ಮಗುವಿಗೆ ‘ಉಸ್ತೇದ್’ ಎಂದರೆ ಅರ್ಥ ಬೇರೆಯೇ. ದಿನವೆಲ್ಲ ‘ತೂ’ ಎನ್ನುತ್ತಿದ್ದವಳು ಒಮ್ಮೆಲೇ ಮಗುವಿನ ಪೂರ್ತಿ ಹೆಸರನ್ನು ಹೇಳಿ ‘ಉಸ್ತೇದ್’ಗೆ ಏರಿದಳೆಂದರೆ ಸಿಟ್ಟು ಬಂದಿದೆಯೆಂದು ಮಗುವಿಗೆ ತಿಳಿಯುತ್ತದೆ. ‘ಏನು, ಸಾಹೇಬರಿಗೆ ಈಗ ಬೆಳಗಾಯಿತೇ?’ ಎಂದು ಮಗನನ್ನು ಗದರುವ ನಮ್ಮ ಅಮ್ಮಂದಿರು ಮಾಡುವುದೂ ಇದನ್ನೇ. ಗೌರವದ ರೂಪವನ್ನು ಸಲ್ಲದ ಜಾಗದಲ್ಲಿಟ್ಟಾಗ ಅದು ಚಾಟಿಯಾಗುತ್ತದೆ.

‘ವೋಸ್’ ಬಗ್ಗೆ ಕಲಿಯುವವರಲ್ಲಿ ಒಂದು ಅಂಜಿಕೆಯಿದೆ, ಅದಕ್ಕೆ ಕಾರಣ ಪಠ್ಯಪುಸ್ತಕಗಳು ಅದನ್ನು ಕೊನೆಯ ಪುಟಕ್ಕೆ ತಳ್ಳುವುದು. ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ, ನಿಕರಾಗ್ವ, ಕೋಸ್ಟರಿಕ, ಹೊಂಡುರಾಸ್, ಎಲ್ ಸಾಲ್ವಡಾರ್, ಗ್ವಾಟೆಮಾಲಾ, ಕೊಲಂಬಿಯದ ಮೆಡಯೀನ್ ಮತ್ತು ಕಾಲಿ ಪ್ರದೇಶಗಳು, ವೆನೆಜುವೆಲಾದ ಮರಕೈಬೊ, ಬೊಲಿವಿಯಾದ ಸಾಂತಾ ಕ್ರೂಸ್ ಇಷ್ಟು ಕಡೆ ಹರಡಿರುವ ಮಾತನ್ನು ಅಪವಾದವೆಂದು ಕರೆಯುವುದು ಸರಿಯಲ್ಲ. ಸ್ಪೇನ್‌ನಲ್ಲಿ ‘ವೋಸ್’ ಇಳಿಮುಖವಾಗಿ ಮರೆಯಾಗುತ್ತಿದ್ದ ಕಾಲದಲ್ಲಿ ಮೆಕ್ಸಿಕೊ, ಲಿಮಾ ಮುಂತಾದ ವೈಸರಾಯರ ರಾಜಧಾನಿಗಳು ಮತ್ತು ಹಡಗುಗಳ ಓಡಾಟವಿದ್ದ ಕೆರಿಬಿಯನ್ ಬಂದರುಗಳು ಅಲ್ಲಿನ ಹೊಸ ಶೈಲಿಯನ್ನು ಅನುಸರಿಸಿ ‘ತೂ’ಗೆ ತಿರುಗಿದವು. ಆ ಸಂಪರ್ಕದಿಂದ ದೂರವಿದ್ದ ಸೀಮೆಗಳು ಹಳೆಯ ‘ವೋಸ್’ ಅನ್ನು ಉಳಿಸಿಕೊಂಡವು. ಆದರೆ ಗೌರವದ ಪದವಾಗಿ ಅಲ್ಲ, ಸಲುಗೆಯ ಪದವಾಗಿ. ಹೀಗೆ ಒಂದು ಕಾಲದ ‘ನೀವು’ ಅಲ್ಲಿ ಇಂದಿನ ‘ನೀನು’ ಆಗಿದೆ.

ಇದರ ರೂಪಗಳು ಕಷ್ಟವಲ್ಲ. ‘ತೂ ತ್ಯೇನೆಸ್’ ಎಂಬಲ್ಲಿ ‘ವೋಸ್ ತೆನೇಸ್’. ಒತ್ತು ಕೊನೆಗೆ ಜಾರಿತು, ಧಾತುವಿನ ಒಳಗಿನ ಬದಲಾವಣೆ ಇಲ್ಲವಾಯಿತು. ‘ನೀನು ಎಲ್ಲಿಯವನು’ ಎನ್ನಲು ‘ದೆ ದೋಂದೆ ಏರೆಸ್’ ಎಂಬುದರ ಬದಲು ‘ದೆ ದೋಂದೆ ಸೋಸ್’. ‘ಬಾ’ ಎನ್ನಲು ‘ವೆನ್’ ಬದಲು ‘ವೆನೀ’. ‘ನಿನ್ನೊಡನೆ’ ಎನ್ನಲು ‘ಕೊಂತೀಗೊ’ ಬದಲು ‘ಕೊನ್ ವೋಸ್’. ಆದರೆ ‘ನಿನ್ನನ್ನು’ ಎಂಬ ‘ತೆ’, ‘ನಿನ್ನ’ ಎಂಬ ‘ತು’ ಎರಡೂ ‘ತೂ’ವಿನಿಂದ ಎರವಲು ಬಂದು ಹಾಗೆಯೇ ಉಳಿದಿವೆ. ಅರ್ಜೆಂಟೀನಾದಲ್ಲಿ ಬಹುಕಾಲ ಶಾಲೆಯ ವ್ಯಾಕರಣ ‘ತೂ’ವನ್ನೇ ಕಲಿಸುತ್ತ, ಮಕ್ಕಳು ಮನೆಯಲ್ಲಿ ಆಡುವ ‘ವೋಸ್’ ಅನ್ನು ಅಶುದ್ಧವೆಂದು ಬಗೆಯುತ್ತಿತ್ತು. ಅಲ್ಲಿನ ಸಾಹಿತ್ಯ ಅಕಾಡೆಮಿ ಅದನ್ನು ಸಲ್ಲುವ ರೂಪವೆಂದು ಒಪ್ಪಿದ್ದು 1982ರಲ್ಲಿ. ಚಿಲಿಯಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 19ನೆಯ ಶತಮಾನದಲ್ಲಿ ವ್ಯಾಕರಣಕಾರ ಆಂದ್ರೆಸ್ ಬೆಯೊ ಅಲ್ಲಿ ‘ವೋಸ್’ ವಿರುದ್ಧ ಪಟ್ಟು ಹಿಡಿದು ಬರೆದರು, ಶಾಲೆಗಳು ಅವರ ಮಾತನ್ನು ನಡೆಸಿದವು. ಪರಿಣಾಮವಾಗಿ ‘ವೋಸ್’ ಎಂಬ ಪದಕ್ಕೆ ಒರಟುತನದ ಕಳಂಕ ಅಂಟಿತಾದರೂ ಅದರ ಕ್ರಿಯಾಪದ ಬದುಕುಳಿಯಿತು. ಚಿಲಿಯ ಯುವಕರು ‘ತೂ’ ಎಂದೇ ಹೇಳಿ ಅದಕ್ಕೆ ‘ತೆನೀಸ್’ ಎಂಬ ಹಳೆಯ ಬಾಲವನ್ನು ಸೇರಿಸುತ್ತಾರೆ, ‘ತಿಳಿಯಿತಾ?’ ಎನ್ನಲು ಮಾತುಮಾತಿಗೂ ‘ಕಚಾಯ್?’ ಎನ್ನುತ್ತಾರೆ. ಹೊರಗಿನವರು ಅಲ್ಲಿ ಇದನ್ನು ಅರ್ಥ ಮಾಡಿಕೊಂಡರೆ ಸಾಕು, ತಾವೇ ಆಡಬೇಕಾಗಿಲ್ಲ.

‘ವೋಸ್’ ಎಲ್ಲಿಯೂ ಮುಗ್ಧವೆಂದು ತಿಳಿಯಬಾರದು. ಗ್ವಾಟೆಮಾಲಾದಲ್ಲಿ ಮಾಯಾ ಸಮುದಾಯದ ವಯಸ್ಸಾದವರನ್ನೂ ಇತರರು ‘ವೋಸ್’ ಎಂದು ಕರೆದು, ತಮಗೆ ಮಾತ್ರ ‘ಉಸ್ತೇದ್’ ಸಲ್ಲಬೇಕೆಂದು ನಿರೀಕ್ಷಿಸುವ ರೂಢಿ ತಾರತಮ್ಯದ ಗುರುತಾಗಿ ಉಳಿದುಬಂದಿದೆ. ನಮ್ಮ ಹಳ್ಳಿಗಳಲ್ಲಿ ಮೇಲುಜಾತಿಯ ಹುಡುಗನೊಬ್ಬ ದಲಿತ ಕೇರಿಯ ಅಜ್ಜನನ್ನು ‘ಬಾರೋ, ಹೋಗೋ’ ಎಂದು ಕರೆದದ್ದನ್ನು ಬಲ್ಲವರಿಗೆ ಇದರ ಅರ್ಥ ಚೆನ್ನಾಗಿ ತಿಳಿಯುತ್ತದೆ. ಒಬ್ಬರಿಂದ ಮರಳಿ ಪಡೆಯಲು ಒಪ್ಪದ ಸರ್ವನಾಮವನ್ನು ಅವರಿಗೆ ಕೊಡಬಾರದು ಎಂಬುದನ್ನು ನಾನು ಎಲ್ಲ ನಿಯಮಗಳಿಗಿಂತ ಮೇಲಿಡುತ್ತೇನೆ. ಹೋಟೆಲಿನ ಕೋಣೆ ಗುಡಿಸುವವರು, ಸಂತೆಯಲ್ಲಿ ಬಟ್ಟೆ ಮಾರುವ ಮೂಲನಿವಾಸಿ ಮಹಿಳೆಯರು, ಟ್ಯಾಕ್ಸಿ ಚಾಲಕರು ಇವರೆಲ್ಲರನ್ನೂ ಲ್ಯಾಟಿನ್ ಅಮೆರಿಕದಲ್ಲಿ ‘ಉಸ್ತೇದ್’ ಎಂದೇ ಮಾತನಾಡಿಸಬೇಕು.

ಬಹುವಚನದ ವಿಷಯ ಕನ್ನಡಿಗರಿಗೆ ಹೊರೆಯಾಗದು. ಇಡೀ ಲ್ಯಾಟಿನ್ ಅಮೆರಿಕದಲ್ಲಿ, ಸ್ಪೇನ್‌ನದೇ ಕನೇರಿ ದ್ವೀಪಗಳಲ್ಲಿಯೂ, ಎದುರಿಗಿರುವವರು ಮಕ್ಕಳಾಗಲಿ ಮಂತ್ರಿಗಳಾಗಲಿ ‘ಉಸ್ತೇದೆಸ್’ ಒಂದೇ. ನಾವು ಎಲ್ಲರಿಗೂ ‘ನೀವೆಲ್ಲ’ ಎನ್ನುವ ಹಾಗೆ. ಸ್ಪೇನ್‌ನ ಮುಖ್ಯ ಭೂಭಾಗದ ಬಹುಪಾಲಿನಲ್ಲಿ ಮಾತ್ರ ಆಪ್ತರ ಗುಂಪಿಗೆ ‘ವೊಸೋತ್ರೊಸ್ ತೆನೇಯಿಸ್’ ಎಂದೂ ಗೌರವದ ಗುಂಪಿಗೆ ‘ಉಸ್ತೇದೆಸ್ ತ್ಯೇನೆನ್’ ಎಂದೂ ಬೇರೆ ಮಾಡುತ್ತಾರೆ.

ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತವರು ಮೊದಲು ಬಾಯಿ ತೆರೆಯುವಾಗ ಏನೆನ್ನಬೇಕು? ಲ್ಯಾಟಿನ್ ಅಮೆರಿಕದಲ್ಲಾದರೆ ವಯಸ್ಕರಿಗೆಲ್ಲ ‘ಉಸ್ತೇದ್’ನಿಂದ ಆರಂಭಿಸುವುದು ಕ್ಷೇಮ, ಸ್ಪೇನ್‌ನಲ್ಲಾದರೆ ತಮ್ಮ ವಯಸ್ಸಿನವರಿಗೂ ಕಿರಿಯರಿಗೂ ‘ತೂ’, ಕೂದಲು ಬೆಳ್ಳಗಾದ ಅಪರಿಚಿತರಿಗೆ ‘ಉಸ್ತೇದ್’. ಆಮೇಲೆ ಕಿವಿ ತೆರೆದಿಡಬೇಕು, ಅವರ ಕ್ರಿಯಾಪದದ ಕೊನೆಯಲ್ಲಿ ‘ಸ್’ ಬಂತೇ ಎಂದು. ‘ತೂ’ ಎನ್ನುವುದಕ್ಕೆ ಸ್ಪ್ಯಾನಿಷ್‌ನಲ್ಲಿ ‘ತುತೆಯಾರ್’ ಎಂಬ ಕ್ರಿಯಾಪದವೇ ಇದೆ. ಗೌರವದಿಂದ ಸಲುಗೆಗೆ ದಾಟುವ ಹೊತ್ತನ್ನು ಜನ ಬಾಯಿಬಿಟ್ಟು ಹೇಳುತ್ತಾರೆ, ‘ನೋಸ್ ತುತೆಯಾಮೊಸ್?’, ಎಂದರೆ ‘ಇನ್ನು ತೂ ಎಂದುಕೊಳ್ಳೋಣವೇ?’ ಎಂದು. ಹೀಗೆ ಕೇಳುವ ಹಕ್ಕು ಹಿರಿಯರದು, ಅಥವಾ ಹುದ್ದೆಯಲ್ಲಿ ಮೇಲಿನವರದು; ಕಿರಿಯರು ಕಾಯುತ್ತಾರೆ. ಕೇಳಿದಾಗ ‘ಹಾಗೇ ಆಗಲಿ, ನಿಮ್ಮ ಇಷ್ಟ’ ಎನ್ನಬೇಕೆಂದು ನಮ್ಮ ಮನಸ್ಸು ಬಯಸುತ್ತದೆ. ಅದನ್ನು ‘ಕೋಮೊ ಕ್ಯೇರ’ ಎಂದು ಹೇಳಿದರೆ, ಒಪ್ಪಿಗೆ ಕೊಟ್ಟ ಉಸಿರಿನಲ್ಲೇ ‘ಉಸ್ತೇದ್’ ಉಳಿಸಿಕೊಂಡು ಅವರು ಚಾಚಿದ ಕೈಯನ್ನು ಹಿಡಿಯದೆ ಬಿಟ್ಟಂತೆ. ‘ಕೋಮೊ ಕ್ಯೇರಾಸ್’ ಎನ್ನಬೇಕು.